ಬೆಕ್ಕಿನ ಮರಿಗಳ ಫೋಟೊಗೆಂದು ಜೂಮ್ ಕ್ಯಾಮೆರಾ ಕೊಳ್ಳುವ ಮುನ್ನ

ಮನೆಯಲ್ಲಿ ಬೆಕ್ಕು ಮರಿ ಹಾಕಿದ ಸಂಭ್ರಮದಲ್ಲಿ ಹೊಸ ಕ್ಯಾಮೆರಾ ಕೊಳ್ಳಲು ಹೊರಟಿರುವವರು ಇದನ್ನು ಓದಿದ ಮೇಲೆ ಅಂಗಡಿಗೆ ಹೋಗಲಿ ಎಂದು ಬರೆಯುತ್ತಿದ್ದೇನೆ. ಕೆಲಸಕ್ಕೆ ಒದಗದ ಕ್ಯಾಮೆರಾವನ್ನು ಒದಗುತ್ತದೆಂದು ನಂಬಿಸಿ ಮಾರಿದರೆ ಹಣ ಹೋಗುತ್ತದೆ ಎಂಬುದು ಎಲ್ಲರಿಗೂ ಗೊತ್ತು. ಎಳೆಯ ಮರಿಗಳ ವಿಷಯದಲ್ಲಿ ಅದರ ಜೊತೆಗೆ ಮತ್ತೊಂದು ಕಷ್ಟವೂ ಬರುತ್ತದೆ. ಕ್ಯಾಮೆರಾದ ಕೊರತೆಯನ್ನು ತುಂಬಲು ದೀಪ ತರಬೇಕಾಗುತ್ತದೆ, ಗೂಡಿನ ಹತ್ತಿರಕ್ಕೆ ಮತ್ತೆ ಮತ್ತೆ ಹೋಗಬೇಕಾಗುತ್ತದೆ, ಕೊನೆಗೆ ಮರಿಗಳನ್ನೇ ಎತ್ತಿ ಬೆಳಕಿರುವ ಕಡೆ ಇಡೋಣವೆಂಬ ಯೋಚನೆ ಬರುತ್ತದೆ. ಇವುಗಳಲ್ಲಿ ಒಂದನ್ನೂ ತಾಯಿ ಬೆಕ್ಕು ಸಹಿಸುವುದಿಲ್ಲ.

ಅಂಗಡಿಯಲ್ಲಿ ನಾವು ಕೇಳಿದ್ದು ಸರಳವಾದ ವಸ್ತುವನ್ನು: ಮನೆಯೊಳಗಿನ ಮಂದ ಬೆಳಕಿನಲ್ಲಿ, ಫ್ಲ್ಯಾಶ್ ಬಳಸದೆ, ಹುಟ್ಟಿ ಕೆಲವೇ ದಿನಗಳಾದ ಮರಿಗಳ ಚಿತ್ರ ತೆಗೆಯಲು ಬರುವ ಕ್ಯಾಮೆರಾ. ಲೆನ್ಸ್ ಬದಲಿಸಬಹುದಾದ ಚಿಕ್ಕ ಮಾದರಿಯೊಂದನ್ನು ಮನಸ್ಸಿನಲ್ಲಿಟ್ಟುಕೊಂಡೇ ಹೋಗಿದ್ದೆವು. ಮಾರಾಟಗಾರರು ಅದನ್ನು ಕಪಾಟಿನಿಂದ ಹೊರಗೇ ತೆಗೆಯದೆ, 60 ಪಟ್ಟು ಜೂಮ್ ಇರುವ, ಲೆನ್ಸ್ ಕಳಚಲು ಬಾರದ ದೊಡ್ಡ ಕ್ಯಾಮೆರಾವನ್ನು ಮುಂದಿಟ್ಟರು. ಅವರ ವಾದ ಮೇಲ್ನೋಟಕ್ಕೆ ಬುದ್ಧಿವಂತಿಕೆಯದ್ದೇ ಆಗಿತ್ತು. "ಮರಿ ಹಾಕಿದ ಬೆಕ್ಕಿನ ಹತ್ತಿರ ಹೋಗಬಾರದಲ್ಲವೇ ಸರ್? ಇದಿದ್ದರೆ ಕೋಣೆಯ ಈ ತುದಿಯಲ್ಲೇ ಕುಳಿತು ತೆಗೆಯಬಹುದು, ಅದಕ್ಕೆ ಗೊತ್ತೇ ಆಗುವುದಿಲ್ಲ" ಎಂದರು. ಮಳಿಗೆಯ ಇನ್ನೊಂದು ತುದಿಯಲ್ಲಿದ್ದ ಪೆಟ್ಟಿಗೆಯೊಂದರ ಮೇಲಿನ ಸಣ್ಣ ಅಕ್ಷರಗಳನ್ನು ಜೂಮ್ ಮಾಡಿ ತೆಗೆದು ತೋರಿಸಿದರು, ಅಕ್ಷರಗಳು ಸ್ಪಷ್ಟವಾಗಿಯೇ ಬಂದಿದ್ದವು. ನಾವು ನಂಬಿ ಅದನ್ನೇ ಕೊಂಡೆವು.

ಆ ಪ್ರದರ್ಶನದಲ್ಲಿ ಸುಳ್ಳೇನೂ ಇರಲಿಲ್ಲ, ಆದರೆ ನಮ್ಮ ಕೆಲಸಕ್ಕೂ ಅದಕ್ಕೂ ಸಂಬಂಧವೂ ಇರಲಿಲ್ಲ. ಬೆಳಕನ್ನು ಲಕ್ಸ್ ಎಂಬ ಮಾನದಲ್ಲಿ ಅಳೆಯುತ್ತಾರೆ. ಚೆನ್ನಾಗಿ ದೀಪ ಹಾಕಿದ ಮಳಿಗೆಯಲ್ಲಿ 500ರಿಂದ 1,000 ಲಕ್ಸ್‌ನಷ್ಟು ಬೆಳಕಿರುವುದು ಸಾಮಾನ್ಯ. ಸಂಜೆಯ ಹೊತ್ತು ಒಂದೆರಡು ದೀಪ ಉರಿಯುವ ಮನೆಯ ಕೋಣೆಯಲ್ಲಿ 100 ಲಕ್ಸ್ ಇದ್ದರೆ ಹೆಚ್ಚು, ಬೆಕ್ಕು ತಾನಾಗಿ ಆರಿಸಿಕೊಳ್ಳುವ ಕಪಾಟಿನ ಕೆಳಗಿನ ಮೂಲೆಯಲ್ಲಿ ಅದಕ್ಕಿಂತಲೂ ತೀರಾ ಕಡಿಮೆ. ಅಲ್ಲದೆ ಪೆಟ್ಟಿಗೆಯ ಮೇಲಿನ ಅಕ್ಷರಗಳು ಅಲುಗಾಡುವುದಿಲ್ಲ, ಹಾಲು ಕುಡಿಯುವ ಮರಿ ಒಂದು ಕ್ಷಣವೂ ಸುಮ್ಮನಿರುವುದಿಲ್ಲ. ಅದರ ತಲೆ, ಪಂಜ, ಬಾಲ ಎಲ್ಲವೂ ಬೇರೆ ಬೇರೆ ದಿಕ್ಕಿಗೆ ಅಲುಗುತ್ತಿರುತ್ತವೆ.

ಈ ಬಗೆಯ ಜೂಮ್ ಕ್ಯಾಮೆರಾದ ಲೆನ್ಸಿನ ಸುತ್ತ ಎಫ್/2.8–5.9 ಎಂಬಂಥ ಎರಡು ಅಂಕಿಗಳನ್ನು ಬರೆದಿರುತ್ತಾರೆ. ಬೆಳಕು ಒಳಬರುವ ಕಂಡಿಗೆ ಅಪರ್ಚರ್ ಎನ್ನುತ್ತಾರೆ, ಅಂಕಿ ದೊಡ್ಡದಾದಷ್ಟೂ ಕಂಡಿ ಕಿರಿದು. ಮೊದಲನೆಯದು ಜೂಮ್ ಮಾಡದೆ ಇರುವಾಗಿನ ಅತಿ ದೊಡ್ಡ ಅಪರ್ಚರ್, ಎರಡನೆಯದು ಜೂಮ್ ಪೂರ್ತಿ ಚಾಚಿದಾಗಿನದು. ಮಾರಾಟಗಾರರು ಮೊದಲನೆಯದನ್ನು ಹೇಳುತ್ತಾರೆ, ನಾವು ಮನೆಯಲ್ಲಿ ಬಳಸುವುದು ಎರಡನೆಯದನ್ನು. ಎಫ್/5.9ರಲ್ಲಿ ಒಳಗೆ ಬರುವ ಬೆಳಕು ಎಫ್/2.8ರಲ್ಲಿ ಬರುವುದರ ನಾಲ್ಕನೆಯ ಒಂದು ಭಾಗಕ್ಕಿಂತಲೂ ಕಡಿಮೆ, ಮತ್ತು ಅಗ್ಗದ ಎಫ್/1.8 ಲೆನ್ಸಿಗೆ ಹೋಲಿಸಿದರೆ ಹತ್ತನೆಯ ಒಂದು ಭಾಗವೂ ಇಲ್ಲ. ಲೆಕ್ಕ ಹಾಕಿದರೆ ವಿಷಯ ನಿಚ್ಚಳವಾಗುತ್ತದೆ. 100 ಲಕ್ಸ್ ಬೆಳಕಿನಲ್ಲಿ, ತೆವಳುವ ಮರಿಯನ್ನು ಹಿಡಿಯಲು ಬೇಕಾದ 1/125 ಸೆಕೆಂಡಿನ ಶಟರ್ ವೇಗ (ಕ್ಯಾಮೆರಾ ಬೆಳಕನ್ನು ಒಳಬಿಡುವ ಅವಧಿ) ಇಟ್ಟುಕೊಂಡರೆ, ಎಫ್/1.8 ಲೆನ್ಸಿಗೆ ಸುಮಾರು 1,000 ಐಎಸ್‌ಒ (ಕ್ಯಾಮೆರಾ ಬೆಳಕಿಗೆ ಸ್ಪಂದಿಸುವ ಮಟ್ಟ, ಏರಿಸಿದಷ್ಟೂ ಚಿತ್ರ ಚುಕ್ಕೆಚುಕ್ಕೆಯಾಗುತ್ತದೆ) ಸಾಕು, ಎಫ್/5.9 ಲೆನ್ಸಿಗೆ ಸುಮಾರು 11,000 ಬೇಕು. ಸೆನ್ಸರ್, ಅಂದರೆ ಬೆಳಕನ್ನು ಹಿಡಿದು ಚಿತ್ರವಾಗಿಸುವ ಫಲಕ, ಸಣ್ಣದಾಗಿರುವ ಕ್ಯಾಮೆರಾಗಳ ಐಎಸ್‌ಒ ಸಾಮಾನ್ಯವಾಗಿ 3,200 ಅಥವಾ 6,400ಕ್ಕೇ ಮುಗಿಯುತ್ತದೆ, ಮುಗಿಯುವ ಬಹಳ ಮೊದಲೇ ಚಿತ್ರ ಹಾಳಾಗಿರುತ್ತದೆ.

ಸೆನ್ಸರಿನ ಮಾತು ಬಂದಾಗ ಮಾರಾಟಗಾರರು ಮೆಗಾಪಿಕ್ಸೆಲ್ ಎಷ್ಟೆಂದು ಹೇಳಿದರೇ ಹೊರತು ಅದರ ಅಳತೆಯನ್ನು ಹೇಳಲಿಲ್ಲ. ಇಂಥ ಕ್ಯಾಮೆರಾಗಳಲ್ಲಿ ಸಾಮಾನ್ಯವಾಗಿ ಇರುವ 1/2.3 ಇಂಚಿನ ಸೆನ್ಸರ್ ಸುಮಾರು 6.2 ಮಿಲಿಮೀಟರ್ ಅಗಲ, 4.6 ಮಿಲಿಮೀಟರ್ ಎತ್ತರ ಇರುತ್ತದೆ. ನಾವು ಕೇಳಿದ್ದ ಮಾದರಿಯಲ್ಲಿದ್ದ ಎಪಿಎಸ್-ಸಿ ಸೆನ್ಸರ್ ಸುಮಾರು 23.5ಕ್ಕೆ 15.6 ಮಿಲಿಮೀಟರ್, ಅಂದರೆ ವಿಸ್ತೀರ್ಣದಲ್ಲಿ ಹೆಚ್ಚುಕಡಿಮೆ ಹದಿಮೂರು ಪಟ್ಟು. ಮೊದಲೇ ಸಣ್ಣದಾದ ಸೆನ್ಸರಿನ ಮೇಲೆ ಮೊದಲೇ ಕಡಿಮೆಯಾದ ಬೆಳಕು ಬಿದ್ದಾಗ ಕ್ಯಾಮೆರಾ ಚುಕ್ಕೆಚುಕ್ಕೆಯಾದ ಚಿತ್ರವನ್ನು ತಾನೇ ತಿಕ್ಕಿ ನಯ ಮಾಡುತ್ತದೆ, ಆ ತಿಕ್ಕಾಟದಲ್ಲಿ ಮೊದಲು ಹೋಗುವುದು ರೋಮ. ಮರಿಯ ಮೈಮೇಲಿನ ನವಿರಾದ ಕೂದಲು, ಮೀಸೆ, ಕಿವಿಯ ಅಂಚು ಎಲ್ಲವೂ ಕಲಸಿಹೋಗಿ ಮೇಣದ ಗೊಂಬೆಯಂತೆ ಕಾಣತೊಡಗಿದವು. ಕಪ್ಪು ಮರಿಯ ಚಿತ್ರಗಳಲ್ಲಿ ಮರಿ ಎಲ್ಲಿದೆ ಎಂಬುದನ್ನೇ ಹುಡುಕಬೇಕಾಗಿತ್ತು.

ದೂರ ಕುಳಿತು ತೆಗೆಯುವ ಭರವಸೆಯೂ ಉಳಿಯಲಿಲ್ಲ. ಜೂಮ್ ಚಾಚಿದಂತೆಲ್ಲ ಅಪರ್ಚರ್ ಕಿರಿದಾಗುತ್ತದೆ, ಕೈಯ ಅಲುಗಾಟ ದೊಡ್ಡದಾಗಿ ಕಾಣುತ್ತದೆ, ಫೋಕಸ್ ಮಂದ ಬೆಳಕಿನಲ್ಲಿ ಹಿಂದೆ ಮುಂದೆ ಓಡಾಡಿ ಕೊನೆಗೆ ಹಾಸಿದ ಬಟ್ಟೆಯ ಮೇಲೆ ನಿಲ್ಲುತ್ತದೆ. ಪೂರ್ತಿ ಚಾಚಿದಾಗ ಒಂದೂವರೆ ಮೀಟರಿಗಿಂತ ಹತ್ತಿರವಿರುವ ವಸ್ತು ಈ ಕ್ಯಾಮೆರಾಕ್ಕೆ ಸ್ಪಷ್ಟವಾಗಿ ಕಾಣುವುದೇ ಇಲ್ಲ. ಬೆಳಕು ಬೇಕೆಂದು ಜೂಮ್ ಒಳಕ್ಕೆ ಎಳೆದುಕೊಂಡರೆ, ಚಿತ್ರ ತುಂಬುವಷ್ಟು ಮರಿ ಕಾಣಬೇಕಾದರೆ ಲೆನ್ಸನ್ನು ಅದರ ಮೂತಿಗೇ ಒಯ್ಯಬೇಕು. ಬಿಸಿಲಿನಲ್ಲಿ ಮರದ ಮೇಲಿನ ಹಕ್ಕಿಯ ಚಿತ್ರ ತೆಗೆಯಲು ಅದು ಒಳ್ಳೆಯ ಕ್ಯಾಮೆರಾವೇ ಹೌದು. ಕ್ಯಾಮೆರಾ ತಯಾರಿಸಿದವರ ಮೇಲೆ ನನ್ನ ದೂರಿಲ್ಲ, ಬಳಕೆ ಏನೆಂದು ಬಿಡಿಸಿ ಹೇಳಿದ ಮೇಲೂ ಅದನ್ನೇ ಮಾರಿದವರ ಮೇಲೆ ಇದೆ.

ಚಿತ್ರಗಳನ್ನು ತೋರಿಸಿದಾಗ ಅವರು ಕೊಟ್ಟ ಪರಿಹಾರ ಇನ್ನೂ ಕೆಟ್ಟದ್ದು. ಕ್ಯಾಮೆರಾದಲ್ಲಿ ದೋಷವಿಲ್ಲ, ಬೆಳಕು ಸಾಲದು ಎಂದು ಎಲ್‌ಇಡಿ ದೀಪದ ಫಲಕವೊಂದನ್ನೂ ಮಾರಿದರು. ಪ್ರಾಣಿಗಳ ಚಿತ್ರ ತೆಗೆಯುವವರೆಲ್ಲ ಇದನ್ನೇ ಬಳಸುತ್ತಾರೆ ಎಂಬ ಮಾತನ್ನೂ ಸೇರಿಸಿದರು. ಆ ದೀಪವನ್ನು ಗೂಡಿನ ಕಡೆ ತಿರುಗಿಸಿ ಹೊತ್ತಿಸಿದ ಸಂಜೆ ತಾಯಿ ಬೆಕ್ಕು ಮರಿಗಳ ಮೇಲೆ ಅಡ್ಡ ಮಲಗಿ ಗುರುಗುಟ್ಟಿತು. ಮರುದಿನ ಬೆಳಗ್ಗೆ ಗೂಡು ಬರಿದಾಗಿತ್ತು. ಮರಿ ಹಾಕಿದ ಬೆಕ್ಕು ಏಳು ಮನೆ ತಿರುಗುತ್ತದೆ ಎಂಬ ಮಾತಿದೆ, ನಮ್ಮ ಬೆಕ್ಕು ಅಷ್ಟು ದೂರ ಹೋಗಲಿಲ್ಲ ಎಂಬುದೊಂದೇ ಸಮಾಧಾನ. ಭಾರವಾದ ಕಪಾಟಿನ ಹಿಂದಿನ ಇಕ್ಕಟ್ಟಿಗೆ, ತಣ್ಣನೆಯ ಬರಿನೆಲದ ಮೇಲಕ್ಕೆ ಒಂದೊಂದಾಗಿ ಸಾಗಿಸಿತ್ತು.

ಇದು ನಗುವ ವಿಷಯವಲ್ಲ. ಹುಟ್ಟಿದಾಗ ಸುಮಾರು 100 ಗ್ರಾಂ ತೂಗುವ ಮರಿಗೆ ಮೊದಲ ಮೂರು ವಾರಗಳವರೆಗೆ ತನ್ನ ಮೈಯ ಶಾಖವನ್ನು ತಾನೇ ಸರಿಯಾಗಿ ಕಾಪಾಡಿಕೊಳ್ಳಲು ಆಗುವುದಿಲ್ಲ. ಮೊದಲ ವಾರದಲ್ಲಿ ಅದರ ಸುತ್ತ ಸುಮಾರು 30 ಡಿಗ್ರಿ ಸೆಲ್ಸಿಯಸ್‌ನಷ್ಟು ಬೆಚ್ಚಗಿರಬೇಕು, ಆ ಶಾಖ ಬರುವುದು ತಾಯಿಯಿಂದ ಮತ್ತು ಒಡಹುಟ್ಟುಗಳಿಂದ. ಮೈ ತಣ್ಣಗಾದ ಮರಿ ಹಾಲನ್ನು ಜೀರ್ಣಿಸಿಕೊಳ್ಳಲಾರದು. ಸಾಗಿಸುವಾಗ ಒಂದು ಮರಿ ದಾರಿಯಲ್ಲಿ ಉಳಿದುಹೋದರೂ, ಯಾರ ಕಣ್ಣಿಗೂ ಬೀಳದಿದ್ದರೆ ಕೆಲವು ಗಂಟೆಗಳಲ್ಲೇ ಅದರ ಜೀವಕ್ಕೆ ಅಪಾಯ. ಚಿತ್ರ ಚೆನ್ನಾಗಿ ಬರಲೆಂದು ಎಳೆಯ ಮರಿಗಳನ್ನು ಬುಟ್ಟಿಯಲ್ಲೋ ಬಣ್ಣದ ಬಟ್ಟೆಯ ಮೇಲೋ ಜೋಡಿಸಿಡುವವರು ಈ ಕಾರಣಕ್ಕಾದರೂ ಅದನ್ನು ಬಿಡಬೇಕು. ನಾವು ಕಪಾಟನ್ನು ಸರಿಸದೆ, ಹಳೆಯ ಗೂಡಿನ ಬೆಚ್ಚನೆಯ ಬಟ್ಟೆಯನ್ನೇ ಹೊಸ ಜಾಗದ ಬಾಯಿಗೆ ಇಟ್ಟು, ದೀಪವಾರಿಸಿ, ಕೋಣೆಯ ಬಾಗಿಲನ್ನು ಮುಂದೆ ಮಾಡಿ ದೂರ ಉಳಿದೆವು. ತಾಯಿ ತಾನಾಗಿಯೇ ಮರಿಗಳನ್ನು ಆ ಬಟ್ಟೆಯ ಮೇಲಕ್ಕೆ ತಂದುಕೊಂಡಿತು.

ಅಷ್ಟರಲ್ಲಿ ಕಣ್ಣು ತೆರೆಯುವ ಹೊತ್ತು ಕಳೆದುಹೋಗಿತ್ತು. ಮರಿಗಳ ಕಣ್ಣು ಸಾಮಾನ್ಯವಾಗಿ ಹುಟ್ಟಿದ 7ರಿಂದ 14 ದಿನಗಳ ನಡುವೆ ತೆರೆಯುತ್ತದೆ, ಆಗ ಎಲ್ಲ ಮರಿಗಳ ಕಣ್ಣೂ ನೀಲಿ. ಆರೇಳು ವಾರಗಳ ಹೊತ್ತಿಗೆ ಆ ನೀಲಿ ಕರಗಿ ನಿಜವಾದ ಬಣ್ಣ ಮೂಡತೊಡಗುತ್ತದೆ. ಮೂರನೆಯ ವಾರಕ್ಕೆ ತಡವರಿಸಿ ನಡೆಯುವ ಮರಿ ಐದನೆಯ ವಾರಕ್ಕೆ ಹಾರಿ ಕುಣಿಯುತ್ತಿರುತ್ತದೆ. ಅಂಗಡಿಯವರೊಂದಿಗೆ ಜಗಳವಾಡಿ ಕ್ಯಾಮೆರಾ ಬದಲಿಸಿಕೊಳ್ಳುವಷ್ಟರಲ್ಲಿ ಮುಗಿದುಹೋಗುವ ಕಾಲವಿದು, ಹಾಗಾಗಿ "ಬೇಡವಾದರೆ ಆಮೇಲೆ ನೋಡೋಣ" ಎಂಬ ಮಾರಾಟಗಾರರ ಮಾತಿಗೆ ಇಲ್ಲಿ ಬೆಲೆಯಿಲ್ಲ.

ಇನ್ನೊಂದು ಆಮಿಷದ ಬಗ್ಗೆಯೂ ಹೇಳಬೇಕು. ಪ್ರಾಣಿಗಳ ಕಣ್ಣನ್ನು ತಾನೇ ಗುರುತಿಸಿ ಫೋಕಸ್ ಮಾಡುವ ಸೌಲಭ್ಯ 2019ರಿಂದೀಚೆಗೆ ಹಲವು ಕ್ಯಾಮೆರಾಗಳಲ್ಲಿ ಬಂದಿದೆ, ಬೆಳೆದ ಬೆಕ್ಕಿಗೆ ಅದು ನಿಜಕ್ಕೂ ಉಪಯುಕ್ತ. ಆದರೆ ಕಣ್ಣೇ ತೆರೆಯದ ಮರಿಯಲ್ಲಿ ಅದು ಹುಡುಕುವುದಾದರೂ ಏನನ್ನು? ಮೊದಲ ವಾರಗಳ ಚಿತ್ರಕ್ಕಾಗಿ ಆ ಸೌಲಭ್ಯದ ಹೆಸರಿನಲ್ಲಿ ಹೆಚ್ಚು ಹಣ ಕೇಳಿದರೆ ಒಪ್ಪಬೇಕಿಲ್ಲ. ಸದ್ದಿಲ್ಲದ ಎಲೆಕ್ಟ್ರಾನಿಕ್ ಶಟರ್ ಮಾತ್ರ ತಾಯಿ ಬೆಕ್ಕಿನ ನೆಮ್ಮದಿಗೆ ಬಹಳ ಒಳ್ಳೆಯದು. ಅದರಲ್ಲೂ ಒಂದು ತೊಡಕಿದೆ. 50 ಹರ್ಟ್ಸ್ ವಿದ್ಯುತ್ತಿನಲ್ಲಿ ಉರಿಯುವ ಅಗ್ಗದ ಎಲ್‌ಇಡಿ ದೀಪಗಳು ಸೆಕೆಂಡಿಗೆ ನೂರು ಬಾರಿ ಮಿನುಗುತ್ತವೆ, ಅದು ನಮ್ಮ ಕಣ್ಣಿಗೆ ಕಾಣದಿದ್ದರೂ ಎಲೆಕ್ಟ್ರಾನಿಕ್ ಶಟರಿನ ಚಿತ್ರದಲ್ಲಿ ಅಡ್ಡಪಟ್ಟಿಗಳಾಗಿ ಮೂಡುತ್ತದೆ. ನಮಗೆ ಮಾರಿದ್ದ ದೀಪದ ಬೆಳಕಿನಲ್ಲಿ ಆದದ್ದೂ ಅದೇ. ಶಟರ್ ವೇಗವನ್ನು 1/100 ಅಥವಾ 1/50ಕ್ಕೆ ಇಳಿಸಿದರೆ ಪಟ್ಟಿಗಳು ಮಾಯವಾಗುತ್ತವೆ, ಕಿಟಕಿಯ ಬೆಳಕಿನಲ್ಲಿ ಈ ತೊಂದರೆ ಹುಟ್ಟುವುದೇ ಇಲ್ಲ. ಫೋಕಸ್‌ಗೆ ನೆರವಾಗಲೆಂದು ಕ್ಯಾಮೆರಾದ ಮುಂಭಾಗದಲ್ಲಿ ಹೊತ್ತಿಕೊಳ್ಳುವ ಸಣ್ಣ ದೀಪವನ್ನೂ ಮೆನುವಿನಲ್ಲಿ ಹೊತ್ತಿಕೊಳ್ಳದಂತೆ ಮಾಡಿಡಿ, ಅದು ನೇರವಾಗಿ ತಾಯಿಯ ಕಣ್ಣಿಗೇ ಬೀಳುತ್ತದೆ.

ಹಾಗಾದರೆ ಏನು ಕೊಳ್ಳಬೇಕು ಎಂದು ಕೇಳಿದರೆ, ಮೊದಲ ಎರಡು ವಾರಗಳಿಗೆ ಏನೂ ಬೇಡ ಎನ್ನುತ್ತೇನೆ. ಕೈಯಲ್ಲಿರುವ ಫೋನಿನ ಮುಖ್ಯ ಕ್ಯಾಮೆರಾದ ಅಪರ್ಚರ್ ಹೆಚ್ಚಾಗಿ ಎಫ್/1.8ರ ಆಸುಪಾಸಿನಲ್ಲೇ ಇರುತ್ತದೆ, ಮಲಗಿರುವ ಮರಿಗಳಿಗೆ ಹಗಲಿನ ಕಿಟಕಿಯ ಬೆಳಕಿನಲ್ಲಿ ಅದು ಸಾಕು. ನಮ್ಮ ಬಳಿ ಉಳಿದಿರುವ ಒಳ್ಳೆಯ ಚಿತ್ರಗಳೆಲ್ಲ ಹಾಗೆ ತೆಗೆದವೇ. ಹಲವು ಚಿತ್ರಗಳನ್ನು ಒಟ್ಟುಗೂಡಿಸುವ ರಾತ್ರಿ ವಿಧಾನವನ್ನು ಮಾತ್ರ ನೆಚ್ಚಬೇಡಿ, ಮರಿ ಸ್ವಲ್ಪ ಅಲುಗಿದರೂ ಅದು ಕದಡಿಹೋಗುತ್ತದೆ. ಮರಿಗಳು ನಡೆದಾಡತೊಡಗಿದ ಮೇಲೆ ಕ್ಯಾಮೆರಾ ಬೇಕೆನಿಸಿದರೆ, ಎಪಿಎಸ್-ಸಿ ಅಥವಾ ಅದಕ್ಕಿಂತ ತುಸು ಚಿಕ್ಕದಾದ ಮೈಕ್ರೋ ಫೋರ್ ಥರ್ಡ್ಸ್ ಸೆನ್ಸರ್ ಇರುವ ಹಳೆಯ ಮಾದರಿಯ ಜೊತೆ ಎಫ್/1.8ರ ಜೂಮ್ ಇಲ್ಲದ ಒಂದು ಲೆನ್ಸ್ ಸಾಕು. ಹೊಸ ಮಾದರಿಗೆ ಕೊಡುವ ಹಣವನ್ನು ಲೆನ್ಸಿಗೆ ಹಾಕಿ, ಆಟವಾಡುವ ಮರಿಗೆ 1/250ರಿಂದ 1/500 ಸೆಕೆಂಡ್ ಬೇಕಾಗುವುದರಿಂದ ಆ ಲೆನ್ಸೇ ನೆರವಾಗುವುದು. ಎಫ್/1.8 ಎಂದಾಕ್ಷಣ ಎಲ್ಲ ಸರಿಹೋಗುವುದಿಲ್ಲ ಎಂಬುದೂ ಗೊತ್ತಿರಲಿ. ಎಪಿಎಸ್-ಸಿ ಕ್ಯಾಮೆರಾದಲ್ಲಿ 50 ಮಿಲಿಮೀಟರ್ ಲೆನ್ಸಿನಿಂದ ಅರ್ಧ ಮೀಟರ್ ದೂರದ ಮರಿಯನ್ನು ತೆಗೆದರೆ ಸ್ಪಷ್ಟವಾಗಿ ಬರುವ ಆಳ ಒಂದು ಸೆಂಟಿಮೀಟರಿಗೂ ಕಡಿಮೆ, ಕಣ್ಣು ಸ್ಪಷ್ಟವಾದರೆ ಮೂಗು ಮಸುಕು. ತುಸು ಹಿಂದೆ ಸರಿದು ತೆಗೆದು, ಬೇಕಾದಷ್ಟನ್ನು ಆಮೇಲೆ ಕತ್ತರಿಸಿಕೊಳ್ಳುವುದೇ ಮೇಲು. ದೊಡ್ಡ ಸೆನ್ಸರ್ ಇದ್ದರೆ ಅದಕ್ಕೆ ಅವಕಾಶವಿರುತ್ತದೆ. ಬಳಸಿದ ಲೆನ್ಸ್ ಕೊಳ್ಳುವವರು ಅದರ ಹಿಂದಿನಿಂದ ಟಾರ್ಚ್ ಬೆಳಕು ಹಾಯಿಸಿ, ಒಳಗಿನ ಗಾಜಿನ ಮೇಲೆ ಬೂಷ್ಟಿನ ಎಳೆಗಳಿವೆಯೇ ಎಂದು ನೋಡದೆ ಹಣ ಕೊಡಬಾರದು.

ಅಂಗಡಿಯಲ್ಲಿ ಪರೀಕ್ಷಿಸುವಾಗ ಮಾರಾಟಗಾರರು ತೋರಿಸಿದ್ದನ್ನು ನೋಡುವ ಬದಲು, ಮೇಜಿನ ಕೆಳಗಿನ ಕತ್ತಲಲ್ಲಿ ನಿಮ್ಮದೇ ಕೈಬೆರಳುಗಳನ್ನು ಆಡಿಸುತ್ತ, ಫ್ಲ್ಯಾಶ್ ಬಳಸದೆ, 1/125 ಸೆಕೆಂಡಿಗೆ ತೆಗೆಯಲು ಹೇಳಿ. ಆ ಚಿತ್ರವನ್ನು ಕ್ಯಾಮೆರಾದ ಪರದೆಯ ಮೇಲೆಯೇ ಹಿಗ್ಗಿಸಿ ಚರ್ಮದ ಗೆರೆಗಳು ಕಾಣುತ್ತವೆಯೇ ಎಂದು ನೋಡಿ. ಒಪ್ಪದ ಅಂಗಡಿಯಿಂದ ಹೊರಗೆ ಬಂದುಬಿಡಿ.

ಕ್ಯಾಮೆರಾವನ್ನು ಹಿಂದಿರುಗಿಸಲು ಹೋದಾಗ, ಪೆಟ್ಟಿಗೆ ತೆರೆದಾಗಿದೆ, ಕ್ಯಾಮೆರಾ ಸರಿಯಾಗಿ ಕೆಲಸ ಮಾಡುತ್ತಿದೆ, ಆದ್ದರಿಂದ ವಾಪಸಾತಿ ಇಲ್ಲ ಎಂದರು. ನಮ್ಮ ನೆರವಿಗೆ ಬಂದದ್ದು ಬೇರೆಯೇ ಸಂಗತಿ. ಹೊಸ ಕ್ಯಾಮೆರಾವನ್ನು ಮೊದಲ ಸಲ ಚಾಲೂ ಮಾಡಿದಾಗ ಅದು ಭಾಷೆ ಮತ್ತು ದಿನಾಂಕವನ್ನು ಕೇಳುತ್ತದೆ, ನಮ್ಮದು ಕೇಳಿರಲಿಲ್ಲ. ಖಾಲಿ ಕಾರ್ಡಿನಲ್ಲಿ ತೆಗೆದ ಮೊದಲ ಚಿತ್ರದ ಕ್ರಮಸಂಖ್ಯೆ ಸಾವಿರವನ್ನು ದಾಟಿತ್ತು. ಕ್ಯಾಮೆರಾದ ತಳದಲ್ಲಿದ್ದ ಸೀರಿಯಲ್ ನಂಬರ್ ಪೆಟ್ಟಿಗೆಯ ಮೇಲಿನದಕ್ಕೆ ಹೊಂದಿಕೆಯಾಗಲಿಲ್ಲ. ಮಳಿಗೆಯಲ್ಲಿ ಪ್ರದರ್ಶನಕ್ಕಿಟ್ಟಿದ್ದನ್ನೇ ಹೊಸದೆಂದು ಮಾರಿದ್ದರು. ಇದನ್ನು ಬರಹದಲ್ಲಿ, ಚಿತ್ರಗಳ ಸಮೇತ ಮುಂದಿಟ್ಟ ಮೇಲೆ ಕ್ಯಾಮೆರಾವನ್ನು ಹಿಂದಕ್ಕೆ ಪಡೆದು, ಹಣದಲ್ಲಿ ಒಂದಷ್ಟು ಮುರಿದುಕೊಂಡು ಉಳಿದದ್ದನ್ನು ಕೊಟ್ಟರು. ದೀಪದ ಫಲಕಕ್ಕೆ ಬೇರೆ ಬಿಲ್ಲಿದೆ ಎಂದು ಅದನ್ನು ಮುಟ್ಟಲೇ ಇಲ್ಲ. ಆದ್ದರಿಂದ ಪೆಟ್ಟಿಗೆಯನ್ನು ಅಂಗಡಿಯಲ್ಲೇ ತೆರೆಸಿ, ಮೂರು ಕಡೆಯ ಸೀರಿಯಲ್ ನಂಬರುಗಳನ್ನು, ಅಂದರೆ ಪೆಟ್ಟಿಗೆಯದ್ದು, ಕ್ಯಾಮೆರಾದ್ದು ಮತ್ತು ವಾರಂಟಿ ಪತ್ರದ್ದು, ಒಂದೇ ಎಂದು ಖಚಿತಪಡಿಸಿಕೊಂಡು, ಬಿಲ್ಲಿನ ಮೇಲೂ ಅದನ್ನು ಬರೆಸಿಕೊಳ್ಳಿ. ಯಾವ ಬಳಕೆಗೆಂದು ಕೇಳಿದಿರೋ ಅದನ್ನೂ ಅದೇ ಬಿಲ್ಲಿನಲ್ಲಿ ಒಂದು ಸಾಲಿನಲ್ಲಿ ಬರೆದುಕೊಡಲು ಹೇಳಿ. ಬರೆದುಕೊಡಲು ಹಿಂಜರಿದರೆ, ಆ ಬಳಕೆಗೆ ಅದು ಒದಗುವುದಿಲ್ಲವೆಂದು ಅವರಿಗೂ ಗೊತ್ತಿದೆ.