ಶಿಶ್ಕಿನ್ ಕಾಡಿನ ಕ್ಯಾನ್ವಾಸ್ ಪ್ರಿಂಟ್: ಬೆಳಕು ಸೂಪರ್, ಮೇಲಿನ ಜೆಲ್ ಬೇಡವಾಗಿತ್ತು

ರಷ್ಯಾದ ಚಿತ್ರಕಾರ ಇವಾನ್ ಶಿಶ್ಕಿನ್ ಬಿಡಿಸಿರೋ ‘ಪೈನ್ ಕಾಡಿನ ಬೆಳಗು’ ಚಿತ್ರ ಗೊತ್ತಲ್ಲ, ಮುರಿದುಬಿದ್ದ ಮರದ ಮೇಲೆ ಕರಡಿಮರಿಗಳು ಆಡ್ತಿರೋದು, 1889ರದ್ದು, ಒರಿಜಿನಲ್ ಮಾಸ್ಕೋದ ತ್ರೆತ್ಯಕೋವ್ ಗ್ಯಾಲರಿಲಿದೆ, ಅದರ 2 ಅಡಿ 3 ಅಡಿ ಕ್ಯಾನ್ವಾಸ್ ಪ್ರಿಂಟ್ ಆನ್‌ಲೈನಲ್ಲಿ ತರಿಸ್ದೆ. ಒರಿಜಿನಲ್ ಸೈಜು 139 ಸೆಂಮೀ ಎತ್ತರ 213 ಅಗಲ, ಹಾಗಾಗಿ ಈ ಅಳತೆಗೆ ಹೆಚ್ಚುಕಮ್ಮಿ ಪೂರ್ತಿ ಕೂರುತ್ತೆ, 3ಕ್ಕೆ 4 ತಗೊಂಡ್ರೆ ಅಕ್ಕಪಕ್ಕದ ಮರಗಳಿಗೆ ಕತ್ತರಿ.

ಬೆಳಕು ಮಾತ್ರ ಏನ್ ಚೆನ್ನಾಗಿ ಬಂದಿದೆ ಅಂತೀರಾ. ಚಿತ್ರದಲ್ಲಿ ಸೂರ್ಯ ಎಲ್ಲೂ ಕಾಣಲ್ಲ, ಬಿಸಿಲು ಹಿಂದಿನ ಮರಗಳ ಮೇಲ್ಭಾಗಕ್ಕೆ ತಾಗಿ ಅಲ್ಲಿ ಹಳದಿ, ಕೆಳಗೆ ಕಣಿವೆ ಕಡೆ ಇನ್ನೂ ತಣ್ಣಗೆ ನೀಲಿ ಮಂಜು, ಇವೆರಡರ ಮಧ್ಯೆ ಬಣ್ಣ ಎಲ್ಲಿ ಬದಲಾಯ್ತು ಅಂತ ಬೆರಳಿಟ್ಟು ತೋರ್ಸಕ್ಕಾಗಲ್ಲ. ಅಗ್ಗದ ಪ್ರಿಂಟಲ್ಲಿ ಇಲ್ಲೇ ಪಟ್ಟೆ ಪಟ್ಟೆ ಬಂದ್ಬಿಡುತ್ತೆ, ಇದ್ರಲ್ಲಿ ಇಲ್ಲ. ಮುಂದಿನ ತೊಗಟೆ, ಪಾಚಿ, ಕಿತ್ತುಬಂದ ಬೇರು ಎಲ್ಲ ಚಿಕ್ಕಚಿಕ್ಕ ಗೀಟಲ್ಲಿ ಬಿಡಿಸಿ, ಹಿಂದೆ ಹೋಗ್ತಾ ಹೋಗ್ತಾ ಬ್ರಷ್ ಮೆತ್ತಗಾಗಿ ಮರಗಳು ಮಂಜಲ್ಲಿ ಕರಗೋಗ್ತವೆ, ಕಾಡಿಗೆ ಆ ಆಳ ಬರೋದೇ ಅದ್ರಿಂದ. ಅಂದಹಾಗೆ ಕರಡಿ ಬಿಡಿಸಿದ್ದು ಶಿಶ್ಕಿನ್ ಅಲ್ಲ, ಅವರ ಗೆಳೆಯ, ಇನ್ನೊಬ್ಬ ಚಿತ್ರಕಾರ ಸವಿತ್ಸ್ಕಿ, ಚಿತ್ರ ಕೊಂಡ ತ್ರೆತ್ಯಕೋವ್ ಆಮೇಲೆ ಸವಿತ್ಸ್ಕಿ ಸಹಿ ಅಳಿಸಿಬಿಟ್ರು, ಪಾಪ. ನನ್ ಕೇಳಿದ್ರೆ ಕರಡಿ ಇಲ್ದಿದ್ರೂ ಏನೂ ಕಮ್ಮಿಯಾಗ್ತಿರ್ಲಿಲ್ಲ.

ಈಗ ತಕರಾರು. ಹ್ಯಾಂಡ್ ಟೆಕ್ಸ್ಚರ್ ಅಂತ ಎಕ್ಸ್‌ಟ್ರಾ ದುಡ್ಡು ತಗೊಂಡು ಪ್ರಿಂಟ್ ಮೇಲೆ ಒಂದು ಜೆಲ್ ಬಳೀತಾರೆ, ಕೈಯಲ್ಲೇ ಪೇಂಟ್ ಮಾಡಿದಂಗೆ ಕಾಣ್ಲಿ ಅಂತ. ಬಳಿದ ಪುಣ್ಯಾತ್ಮ ಕೆಳಗಿರೋ ಚಿತ್ರ ನೋಡೇ ಇಲ್ಲ! ಪೈನ್ ಕಾಂಡ ನೆಟ್ಟಗೆ ಮೇಲಕ್ಕೆ ಹೋಗಿದ್ರೆ ಜೆಲ್ ಗೀಟು ಅಡ್ಡಡ್ಡ, ತೊಗಟೆ ಮೇಲೂ ಅದೇ ದಪ್ಪ ಮಂಜಿನ ಮೇಲೂ ಅದೇ ದಪ್ಪ, ಸಂಜೆ ಕಿಟಕಿ ಬೆಳಕು ಬಿತ್ತು ಅಂದ್ರೆ ಕಾಡು ಮಾಯ, ಬರೀ ಜೆಲ್ ಮಿಂಚ್ತಿರುತ್ತೆ. ಕೆಳಗಡೆ ಕಡುಹಸಿರೆಲ್ಲ ಒಂದೇ ಕಪ್ಪು ಬೇರೆ. ಅಂಗಡಿಯವರಿಗೆ ಫೋಟೋ ಕಳ್ಸಿದ್ದಕ್ಕೆ ಅದು ಆರ್ಟಿಸ್ಟಿಕ್ ಫೀಲ್ ಅಂತೆ, ಕಸ್ಟಮ್ ಆರ್ಡರ್‌ಗೆ ರಿಟರ್ನ್ ಇಲ್ವಂತೆ.

ಪ್ಯಾಕಿಂಗು, ಫ್ರೇಮು ಓಕೆ. ಐದಕ್ಕೆ ಮೂರು. ಯಾವ ಅಂಗಡಿಲಾದ್ರೂ ತರ್ಸೋರು ಹೊಳಪಿಲ್ಲದ ಮ್ಯಾಟ್ ಫಿನಿಶ್ ಕೇಳಿ, ಜೆಲ್ ಬೇಡ ಅಂತ ಆರ್ಡರಲ್ಲೇ ಬರೀರಿ, ಪ್ರಿಂಟಿಗೆ ಹಾಕೋ ಮುಂಚೆ ಪ್ರೂಫ್ (ಪ್ರಿಂಟ್ ಹೇಗೆ ಬರುತ್ತೆ ಅಂತ ತೋರ್ಸೋ ಮಾದರಿ) ತರಿಸ್ಕೊಂಡು ನೆರಳಿರೋ ಜಾಗ ಝೂಮ್ ಮಾಡಿ ನೋಡಿ, ಅಲ್ಲಿ ಹುಲ್ಲು ಪಾಚಿ ಬೇರೆಬೇರೆ ಕಂಡ್ರೆ ಮಾತ್ರ ದುಡ್ಡು ಕಟ್ಟಿ.