ವೈಜ್ಞಾನಿಕ ಕಾದಂಬರಿಗೆ ಉಕಿಯೊ-ಎ ಮುಖಪುಟ: ಶಿನಾ ಪ್ಲೈವುಡ್, ಲಿನೋಲಿಯಂ, ಟ್ಯಾಬ್ಲೆಟ್

ವೈಜ್ಞಾನಿಕ ಕಾದಂಬರಿಯ ಮುಖಪುಟವನ್ನು ಉಕಿಯೊ-ಎ, ಅಂದರೆ ಜಪಾನಿನ ಹಳೆಯ ಮರದಚ್ಚಿನ ಚಿತ್ರಗಳ ಶೈಲಿಯಲ್ಲಿ ಮಾಡಲು, ಶಿನಾ ಎಂಬ ಮೃದು ಮರದ ಪ್ಲೈವುಡ್ ಕೆತ್ತಿ, ನೀರಿನ ಬಣ್ಣದಲ್ಲಿ ಅಚ್ಚೊತ್ತಿ, ಆಮೇಲೆ ಸ್ಕ್ಯಾನ್ ಮಾಡಿಕೊಳ್ಳುವ ವಿಧಾನವೇ ನನ್ನ ಆಯ್ಕೆ. ಒಂದೇ ಕರಡನ್ನು ಲಿನೋಲಿಯಂ ಹಾಳೆಯ ಮೇಲೂ ಟ್ಯಾಬ್ಲೆಟ್‌ನಲ್ಲೂ ಮಾಡಿ ನೋಡಿದ ಮೇಲೆ ಈ ಮಾತು ಹೇಳುತ್ತಿದ್ದೇನೆ.

ಕರಡಿಗೆ ನಾನು ಹಿಡಿದ ಮಾದರಿ ಜಪಾನಿನ ಚಿತ್ರಕಾರ ಹೊಕುಸಾಯ್‌ನ ಹೆಸರಾಂತ ಅಲೆಯ ಚಿತ್ರವಲ್ಲ. ಆ ಚಿತ್ರ ಅಡ್ಡವಾಗಿದೆ, ಪುಸ್ತಕದ ಮುಖಪುಟ ಉದ್ದನೆಯದು. ಹಿರೋಶಿಗೆ ಎಂಬ ಇನ್ನೊಬ್ಬ ಜಪಾನಿ ಚಿತ್ರಕಾರ 1856ರಿಂದ ಹೊರತಂದ ಎಡೊ (ಇಂದಿನ ಟೋಕಿಯೊ) ನಗರದ ದೃಶ್ಯಮಾಲೆ ಉದ್ದನೆಯ ಚೌಕಟ್ಟಿನದು. ಕಣ್ಣೆದುರಿಗೇ ಒಂದು ಕೊಂಬೆ ಚೌಕಟ್ಟನ್ನು ಸೀಳಿಕೊಂಡು ಹೋಗುವುದು, ಅದರ ಹಿಂದೆ ಊರೆಲ್ಲ ಪುಟ್ಟದಾಗಿ ಕಾಣುವುದು ಅದರ ಒಂದು ಮುಖ್ಯ ವಿನ್ಯಾಸ. ಕೊಂಬೆಯ ಜಾಗದಲ್ಲಿ ಬಾಹ್ಯಾಕಾಶ ನಿಲ್ದಾಣದ ತೋಳನ್ನೂ, ಊರಿನ ಜಾಗದಲ್ಲಿ ಶನಿಗ್ರಹವನ್ನೂ ಇಟ್ಟಾಗ ದೂರದ ಅಳತೆ ತಾನಾಗಿಯೇ ಮೂಡಿತು.

ಟ್ಯಾಬ್ಲೆಟ್ ಬಹಳ ಬೇಗ ಕೆಲಸ ಮುಗಿಸುತ್ತದೆ, ತಿದ್ದುವುದೂ ಸುಲಭ. ಆದರೆ ಆಕಾಶದ ನೀಲಿ ಎಲ್ಲೆಡೆ ಒಂದೇ ಹದದಲ್ಲಿ ಇಳಿಯುತ್ತದೆ. ಅದರ ಮೇಲೆ ಕಾಗದದ ವಿನ್ಯಾಸವನ್ನು ಹೊದಿಸಿದರೂ ಅದು ಹೊದಿಸಿದ್ದೆಂದೇ ಗೊತ್ತಾಗುತ್ತದೆ.

ಲಿನೋಲಿಯಂ ಮೃದು, ಉಳಿ ಯಾವ ದಿಕ್ಕಿಗಾದರೂ ಸಲೀಸಾಗಿ ಓಡುತ್ತದೆ. ಆದರೆ ಅದಕ್ಕೆ ನಾನು ಬಳಸಿದ ಎಣ್ಣೆ ಶಾಯಿ ಕಾಗದದೊಳಗೆ ಇಳಿಯದೆ ಮೇಲೆ ಪದರವಾಗಿ ಕೂರುತ್ತದೆ, ಸ್ಕ್ಯಾನ್ ಮಾಡುವಾಗ ಹೊಳೆಯುತ್ತದೆ. ಮರದ ಅಚ್ಚಿನಲ್ಲಾದರೆ ಹಲಗೆಯನ್ನು ಒದ್ದೆ ಬಟ್ಟೆಯಿಂದ ಒರೆಸಿ, ಒಂದು ಅಂಚಿಗೆ ಮಾತ್ರ ಪ್ರಷ್ಯನ್ ನೀಲಿ ಹಾಕಿ ಬ್ರಷ್‌ನಿಂದ ಎಳೆದರೆ ಬಣ್ಣ ನೀರಿನತ್ತ ಕರಗುತ್ತಾ ಹೋಗುತ್ತದೆ. ಇದೇ ಬೊಕಾಶಿ. ಪ್ರತಿ ಪ್ರತಿಗೂ ಕೈಯಿಂದಲೇ ಮಾಡಬೇಕಾದ್ದರಿಂದ ಯಾವ ಎರಡು ಆಕಾಶಗಳೂ ಒಂದೇ ತೆರನಾಗಿರುವುದಿಲ್ಲ, ಅವುಗಳಲ್ಲಿ ಅತ್ಯುತ್ತಮವಾದುದನ್ನು ಆರಿಸಿಕೊಳ್ಳುವ ಅವಕಾಶ ನಮಗಿರುತ್ತದೆ.

ಈ ವಿಧಾನದ ನಿಜವಾದ ಕಿರಿಕಿರಿ ಕಾಗದದ ತೇವ. ವಾಶಿ ಎಂಬ ಜಪಾನಿ ಕಾಗದವನ್ನು ತೇವ ಮಾಡಿಯೇ ಅಚ್ಚೊತ್ತಬೇಕು. ತೇವವಾದಾಗ ಅದು ಹಿಗ್ಗುತ್ತದೆ, ಒಣಗಿದಾಗ ಕುಗ್ಗುತ್ತದೆ. ನೀಲಿ ಹಲಗೆಯಲ್ಲಿ ಶನಿಯ ಉಂಗುರಕ್ಕೆಂದು ಬಿಟ್ಟ ಬಿಳಿ ಜಾಗದಲ್ಲಿ ಕಾವಿ ಬಣ್ಣ ಸರಿಯಾಗಿ ಕೂರಬೇಕು. ಎರಡು ಬಣ್ಣಗಳ ನಡುವೆ ಕಾಗದ ಸ್ವಲ್ಪ ಆರಿದರೂ ಉಂಗುರದ ಒಂದು ಬದಿಯಲ್ಲಿ ಬಿಳಿ ಗೆರೆ ಉಳಿದು, ಇನ್ನೊಂದು ಬದಿಯಲ್ಲಿ ಕಾವಿ ನೀಲಿಯ ಮೇಲೇರಿ ಕೊಳಕಾಗುತ್ತದೆ.

ದೋಷ ಎಲ್ಲಿಯದೆಂದು ಪತ್ತೆ ಹಚ್ಚುವುದಕ್ಕೆ ಒಂದು ದಾರಿಯಿದೆ. ಕಾಗದವನ್ನು ಕೂರಿಸಲು ಹಲಗೆಯಲ್ಲಿ ಕೆತ್ತುವ ಕೆಂಟೊ ಗುರುತು ಪಕ್ಕಕ್ಕೆ ಸರಿದಿದ್ದರೆ ಚಿತ್ರವಿಡೀ ಒಂದೇ ಪ್ರಮಾಣದಲ್ಲಿ ಜರುಗಿರುತ್ತದೆ. ಕಾಗದ ಕುಗ್ಗಿದ್ದರೆ ಕೆಂಟೊದ ಬಳಿ ಎಲ್ಲವೂ ಸರಿಯಿದ್ದು, ಅಲ್ಲಿಂದ ದೂರ ಹೋದಂತೆ ಅಂತರ ಹೆಚ್ಚುತ್ತದೆ. ಆದ್ದರಿಂದ ನಾನೀಗ ನಿಖರವಾಗಿ ಹೊಂದಬೇಕಾದ ಆಕಾರಗಳನ್ನು ಕೆಂಟೊದ ಹತ್ತಿರಕ್ಕೆ ತರುತ್ತೇನೆ, ಹಾಳೆಗಳನ್ನು ಒದ್ದೆ ಕಾಗದಗಳ ನಡುವೆ ಪ್ಲಾಸ್ಟಿಕ್ ಸುತ್ತಿ ಇಡುತ್ತೇನೆ. ಬಹಳ ದಿನ ಹಾಗೆಯೇ ಬಿಟ್ಟರೆ ಬೂಷ್ಟು ಹಿಡಿಯುತ್ತದೆ.

ಹಳೆಯ ಕುಶಲಕರ್ಮಿಗಳು ಬಳಸುತ್ತಿದ್ದ ಚೆರ್ರಿ ಮರ ಕೂದಲೆಳೆಯಷ್ಟು ಸಣ್ಣ ಗೆರೆಯನ್ನೂ ತಾಳಿಕೊಳ್ಳುತ್ತದೆ, ಶಿನಾ ಅಷ್ಟು ತಾಳುವುದಿಲ್ಲ. ಆದರೂ ಶಿನಾ ಅಗ್ಗ, ಎರಡೂ ಬದಿಗೆ ಕೆತ್ತಬಹುದು, ಸಂಜೆಯ ಬಿಡುವಿನಲ್ಲಿ ಕೆಲಸ ಮಾಡುವ ನನ್ನ ಕೈಗೆ ಅದರ ಮೃದುತ್ವ ಒಗ್ಗುತ್ತದೆ. ಶೀರ್ಷಿಕೆಯ ಅಕ್ಷರಗಳನ್ನು ಮಾತ್ರ ಕೆತ್ತುವುದಿಲ್ಲ. ಮೇಲಿನ ಬಲಮೂಲೆಯಲ್ಲಿ ಖಾಲಿ ಚೌಕವೊಂದನ್ನು ಬಿಟ್ಟು, ಸ್ಕ್ಯಾನ್ ಆದ ನಂತರ ಕಂಪ್ಯೂಟರ್‌ನಲ್ಲಿ ಸೇರಿಸುತ್ತೇನೆ. ವಾರದೊಳಗೆ ಮುಖಪುಟ ಒಪ್ಪಿಸಬೇಕಾದವರು ಟ್ಯಾಬ್ಲೆಟ್ ಹಿಡಿಯುವುದೇ ಸರಿ.