ಜಲ್ಲಿ ದಾರಿಗೆ ಬಾಕ್ಸ್ ಬ್ಲೇಡ್: ಒಂದು ವರ್ಷ ಬಳಸಿದ ಮೇಲೆ

ಗೇಟಿನಿಂದ ಮನೆ ಬಾಗಿಲಿನವರೆಗೆ ನಮ್ಮ ಜಲ್ಲಿ ದಾರಿ 120 ಮೀಟರ್ ಉದ್ದ, 3 ಮೀಟರ್ ಅಗಲ. ಅದರಲ್ಲಿ 11 ಗುಂಡಿ ಇದ್ದವು. ಎಣಿಸಿದ್ದು ಅಮ್ಮ. ಮಂಡಿ ಆಪರೇಷನ್ ಮುಗಿಸಿ ಕಾರಲ್ಲಿ ಬರುವಾಗ ಒಂದೊಂದು ಗುಂಡಿಗೂ ಸೀಟಿನ ಅಂಚು ಗಟ್ಟಿಯಾಗಿ ಹಿಡಿದುಕೊಂಡರು. ಮನೆ ಮುಂದೆ ಇಳಿದವರೇ "ಹನ್ನೊಂದು" ಅಂದರು, ಅಷ್ಟೇ. ಆ ತಿಂಗಳೇ ನನ್ನ ಸಣ್ಣ ಟ್ರ್ಯಾಕ್ಟರಿಗೆ ಬಾಕ್ಸ್ ಬ್ಲೇಡ್ ತಂದೆ, ಹಿಂದೆ ಕಟ್ಟಿ ಎಳೆದು ನೆಲ ಕೀಳುವ, ಸಮ ಮಾಡುವ ಉಪಕರಣ.

ಅದಕ್ಕೂ ಮೊದಲು ಮೂರು ವರ್ಷ ಒಂದೇ ಕೆಲಸ ಮಾಡಿದ್ದೆ. ಗುಂಡಿಗೆ ಹೊಸ ಜಲ್ಲಿ ಸುರಿಯುವುದು, ಲೋಡರ್ ಬಕೆಟ್ಟನ್ನು ನೆಲಕ್ಕೆ ಒತ್ತಿ ಹಿಂದಕ್ಕೆ ಎಳೆದು ಸಮ ಮಾಡುವುದು. ನೋಡೋಕೆ ಚೆನ್ನಾಗಿಯೇ ಇರುತ್ತಿತ್ತು. ನಾಲ್ಕು ಮಳೆ ಬಿದ್ದರೆ ಅದೇ ಜಾಗದಲ್ಲಿ ಅದೇ ಗುಂಡಿ. ಗುಂಡಿಯ ತಳ ಚಕ್ರ ತುಳಿದು ತುಳಿದು ಬಟ್ಟಲಿನ ಹಾಗೆ ಗಟ್ಟಿಯಾಗಿರುತ್ತದೆ. ನೀರು ಇಂಗುವುದಿಲ್ಲ. ಮೇಲೆ ಸುರಿದ ಜಲ್ಲಿ ಕೆಳಗಿನದರ ಜೊತೆ ಬೆಸೆದುಕೊಳ್ಳುವುದೂ ಇಲ್ಲ. ಚಕ್ರ ಬಿದ್ದಾಗಲೆಲ್ಲ ನೀರು ಚಿಮ್ಮುತ್ತದೆ, ಕಲ್ಲನ್ನು ಹಿಡಿದಿಡುವ ಪುಡಿಯನ್ನೂ ಜೊತೆಗೆ ಒಯ್ಯುತ್ತದೆ. ಆ ಬಟ್ಟಲನ್ನೇ ಒಡೆಯಬೇಕು. ಸುಮ್ನೆ ತುಂಬಿದರೆ ಆಗಲ್ಲ.

ಒಡೆಯುವ ಕೆಲಸವನ್ನು ಈ ಬ್ಲೇಡ್ ನಿಜವಾಗಿ ಮಾಡುತ್ತದೆ. ಅದಕ್ಕೇ ನನಗೆ ಇಷ್ಟ.

ನೋಡೋಕೆ ಮೇಲೆ, ಕೆಳಗೆ, ಮುಂದೆ ತೆರೆದಿರುವ ಕಬ್ಬಿಣದ ಪೆಟ್ಟಿಗೆ. ಹಿಂದಿನ ಗೋಡೆಯ ಕೆಳಗೆ ಎರಡು ಬ್ಲೇಡ್, ಒಂದು ಮುಂದಕ್ಕೆ ಮುಖ ಮಾಡಿದೆ, ಇನ್ನೊಂದು ಹಿಂದಕ್ಕೆ. ಅವುಗಳ ಮುಂದೆ ಸಾಲಾಗಿ ಐದು ಹಲ್ಲು. ಹಲ್ಲುಗಳನ್ನು ಪಿನ್ ತೆಗೆದು ಮೇಲೆ ಕೆಳಗೆ ಮಾಡಬಹುದು. ನನ್ನದು 5 ಅಡಿ ಅಗಲ, 200 ಕೆಜಿ ಹತ್ತಿರ ತೂಕ. ಟ್ರ್ಯಾಕ್ಟರ್ 24 ಎಚ್‌ಪಿ, ನಾಲ್ಕೂ ಚಕ್ರ ಎಳೆಯುವಂಥದ್ದು. ಹಿಂದಿನ ತ್ರೀ ಪಾಯಿಂಟ್ ಲಿಂಕೇಜಿಗೆ, ಅಂದರೆ ಉಪಕರಣವನ್ನು ಮೂರು ಕಡೆ ಹಿಡಿದು ಎತ್ತುವ ಜೋಡಣೆಗೆ, ಕೆಟಗರಿ 1 ಅಳತೆಯ ಪಿನ್ನುಗಳಲ್ಲಿ ಕೂರುತ್ತದೆ.

ಕೊಳ್ಳುವಾಗ ಎಲ್ಲರೂ ಅಗಲ ಕೇಳುತ್ತಾರೆ. ಹಿಂದಿನ ಟೈರುಗಳ ಹೊರ ಅಂಚು ಮುಚ್ಚುವಷ್ಟು ಅಗಲ ಇರಲೇಬೇಕು, ಇಲ್ಲದಿದ್ದರೆ ಟೈರಿನ ಗುರುತು ಹಾಗೇ ಉಳಿಯುತ್ತದೆ. ಆದರೆ ತೂಕವನ್ನೂ ಕೇಳಿ. ಹಗುರ ಬ್ಲೇಡ್ ಗಟ್ಟಿ ನೆಲದ ಮೇಲೆ ಜಾರಿಕೊಂಡು ಹೋಗುತ್ತದೆ, ಕಚ್ಚುವುದಿಲ್ಲ. ಟ್ರ್ಯಾಕ್ಟರ್ ಎಳೆಯೋಕೆ, ಎತ್ತೋಕೆ ಆಗುವಷ್ಟರಲ್ಲಿ ತೂಕ ಜಾಸ್ತಿ ಇರುವುದನ್ನೇ ಆರಿಸಿ.

ಇನ್ನು ಟಾಪ್ ಲಿಂಕ್, ಆ ಮೂರರಲ್ಲಿ ಮೇಲಿನದು, ತಿರುಗಿಸಿ ಉದ್ದ ಗಿಡ್ಡ ಮಾಡುವ ರಾಡ್. ಇದು ಕೈಗೆ ಹತ್ತಿದ ದಿನ ಇಡೀ ಉಪಕರಣ ಅರ್ಥವಾಯಿತು. ಟಾಪ್ ಲಿಂಕ್ ಗಿಡ್ಡ ಮಾಡಿದರೆ ಪೆಟ್ಟಿಗೆ ಮುಂದಕ್ಕೆ ಬಾಗುತ್ತದೆ, ಹಲ್ಲು ಆಳಕ್ಕೆ ಇಳಿಯುತ್ತವೆ. ಉದ್ದ ಮಾಡಿದರೆ ಹಿಂದಕ್ಕೆ ವಾಲುತ್ತದೆ, ಹಿಂದಿನ ಬ್ಲೇಡ್ ನೆಲ ಸವರಿಕೊಂಡು ಬರುತ್ತದೆ. ಅಂದರೆ ಕೀಳೋಕೆ ಗಿಡ್ಡ, ಸವರೋಕೆ ಉದ್ದ. ಶುರುವಿನಲ್ಲಿ ಎರಡು ಸುತ್ತು ತಿರುಗಿಸಿ ನೋಡಿ, ಸಾಕು. ಅಷ್ಟಕ್ಕೇ ನೆಲ ಬೇರೆ ಥರ ಬರುತ್ತದೆ. ಪ್ರತಿ ಸಲವೂ ಇಳಿದು ಕೈಯಲ್ಲೇ ತಿರುಗಿಸಬೇಕು, ಅದೊಂದು ಬೇಸರ. ಹೈಡ್ರಾಲಿಕ್ ಟಾಪ್ ಲಿಂಕ್ ಹಾಕಿಸಿಕೊಂಡರೆ ಸೀಟಿನಿಂದಲೇ ಆಗುತ್ತದೆ. ನಾನು ಹಾಕಿಸಿಲ್ಲ, ಹಾಕಿಸಬೇಕು ಅಂತ ಇದ್ದೇನೆ.

ಮೊದಲ ದಿನ ನಾನು ದಾರಿಯನ್ನು ಕೆಡಿಸಿದೆ. ಗುಂಡಿಗಳಿದ್ದ ಕಡೆ ಅಲೆಗಳು ಬಂದವು. ಮುಂದಿನ ಚಕ್ರ ಗುಂಡಿಗೆ ಇಳಿದಾಗ ಹಿಂದಿನ ಪೆಟ್ಟಿಗೆ ಮೇಲೇಳುತ್ತದೆ. ಮುಂದಿನ ಚಕ್ರ ದಿಣ್ಣೆ ಹತ್ತಿದಾಗ ಪೆಟ್ಟಿಗೆ ನೆಲಕ್ಕೆ ಕುಕ್ಕುತ್ತದೆ. ಏತದ ಹಾಗೆ. ಬಾಕ್ಸ್ ಬ್ಲೇಡಿನ ದೊಡ್ಡ ಕೊರತೆ ಇದೇ. ಅದು ಟ್ರ್ಯಾಕ್ಟರ್ ನಡೆದ ಹಾಗೆ ನಡೆಯುತ್ತದೆ, ತಾನೇ ಮಟ್ಟ ಹಿಡಿಯುವುದಿಲ್ಲ. ಪೆಟ್ಟಿಗೆ ಎತ್ತಿ ಇಳಿಸುವ ಲಿವರ್ ಹಿಡಿದು ಅಲೆಯ ಹಿಂದೆ ಓಡಿದರೆ ಅಲೆ ಇನ್ನೂ ದೊಡ್ಡದಾಗುತ್ತದೆ. ನನಗೆ ಕೆಲಸ ಕೊಟ್ಟಿದ್ದು ಇದು: ಪೆಟ್ಟಿಗೆಯನ್ನು ಜಲ್ಲಿಯಿಂದ ಅರ್ಧ ತುಂಬಿಸಿಕೊಂಡು, ಲಿವರ್ ಮುಟ್ಟದೆ, ನಾವು ನಡೆಯುವ ವೇಗದಲ್ಲಿ ಲೋ ರೇಂಜ್ ಗೇರಿನಲ್ಲಿ ಎಳೆಯುವುದು. ಪೆಟ್ಟಿಗೆಯಲ್ಲಿದ್ದ ಜಲ್ಲಿ ತಗ್ಗಿನಲ್ಲಿ ತಾನಾಗೇ ಇಳಿಯುತ್ತದೆ, ಉಬ್ಬಿನಲ್ಲಿ ಬ್ಲೇಡ್ ಕೆರೆದು ಮತ್ತೆ ತುಂಬಿಕೊಳ್ಳುತ್ತದೆ. ಐದಾರು ಸಲ ಓಡಾಡಿದ ಮೇಲೆ ಅಲೆ ಹೋಯಿತು.

ಬರೀ ಸವರುವ ಕೆಲಸವಷ್ಟೇ ಇದ್ದರೆ ಲ್ಯಾಂಡ್ ಪ್ಲೇನ್ ಒಳ್ಳೆಯದು. ಎರಡೂ ಪಕ್ಕ ಉದ್ದನೆ ಪಟ್ಟಿ ಇದ್ದು, ಅದರ ನಡುವೆ ಬ್ಲೇಡ್ ಕೂತಿರುವಂಥದ್ದು. ಪಟ್ಟಿ ತಗ್ಗಿನ ಮೇಲೆ ಸೇತುವೆಯ ಹಾಗೆ ದಾಟುತ್ತದೆ, ಅಲೆ ಏಳುವುದು ಕಡಿಮೆ. ಆದರೆ ಮಣ್ಣು, ಜಲ್ಲಿಯನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೊತ್ತು ಸಾಗಿಸೋಕೆ ಪೆಟ್ಟಿಗೆಯೇ ಬೇಕು. ನನ್ನ ದಾರಿಯ ಜಲ್ಲಿ ಎಲ್ಲಾ ಜಾರಿ ಇಳಿಜಾರಿನ ಬುಡದಲ್ಲಿ ಗುಡ್ಡೆಯಾಗಿತ್ತು. ಅದನ್ನು ಮತ್ತೆ ಮೇಲಕ್ಕೆ ತಂದಿದ್ದು ಇದೇ ಪೆಟ್ಟಿಗೆ. ಒಂದು ಬುಟ್ಟಿ ಹೊಸ ಜಲ್ಲಿಯನ್ನೂ ತರಲಿಲ್ಲ.

ಗುಂಡಿ ತೆಗೆದ ಕ್ರಮ ಹೇಳುತ್ತೇನೆ. ಮಳೆ ನಿಂತು ಒಂದು ದಿನ ಬಿಟ್ಟು ಶುರು ಮಾಡಿದೆ. ಜಲ್ಲಿಯನ್ನು ಮುಷ್ಟಿಯಲ್ಲಿ ಹಿಡಿದರೆ ಪುಡಿ ಕಲ್ಲಿಗೆ ಅಂಟಬೇಕು, ಕೈ ಕೆಸರಾಗಬಾರದು. ಒಣಗಿದ್ದಾಗ ಮಾಡಿದರೆ ಧೂಳಾಗಿ ಹಾರುತ್ತದೆ, ಬಿಗಿಯಾಗಿ ಕೂರುವುದಿಲ್ಲ. ದೊಡ್ಡ ಗುಂಡಿಗೆ ಕೋಲು ಇಟ್ಟು ಅಳೆದೆ, 8 ಸೆಂ.ಮೀ. ಆಳ. ಹಲ್ಲುಗಳನ್ನು ಅದಕ್ಕಿಂತ ಸ್ವಲ್ಪ ಕೆಳಗೆ ಇಳಿಸಿ, ಗುಂಡಿಯನ್ನಷ್ಟೇ ಅಲ್ಲ, ಸುತ್ತಲಿನ ದಾರಿಯನ್ನೂ ಪೂರ್ತಿ ಅಗಲಕ್ಕೆ ಕಿತ್ತೆ. ಗಟ್ಟಿ ತಳ ಹಪ್ಪಳದ ಹಾಗೆ ತುಂಡಾಗಿ ಎದ್ದು ಬಂತು. ಒಳಗಿನ ಪುಡಿ ಇನ್ನೂ ಕಪ್ಪಗೆ, ಒದ್ದೆಯಾಗಿತ್ತು. ಮೂರು ವರ್ಷ ನಾನು ಸುರಿದ ಜಲ್ಲಿಯೂ ಪದರ ಪದರವಾಗಿ ಅಲ್ಲೇ ಕಾಣಿಸಿತು. ಹಲ್ಲು ನೆಲದಲ್ಲಿ ಇರುವಾಗ ಮಾತ್ರ ಟ್ರ್ಯಾಕ್ಟರ್ ತಿರುಗಿಸಬೇಡಿ, ಹಲ್ಲು ಬಾಗುತ್ತವೆ. ಮೊದಲು ಎತ್ತಿ, ಆಮೇಲೆ ತಿರುಗಿ.

ಆಮೇಲೆ ಆಮೆ ಬೆನ್ನು. ದಾರಿಯ ನಡುಭಾಗ ಎತ್ತರ ಇದ್ದರೆ ನೀರು ಎರಡೂ ಪಕ್ಕ ಓಡುತ್ತದೆ. ಜಲ್ಲಿ ದಾರಿಗೆ ಸುಮಾರು 4% ಇಳಿಜಾರು ಹೇಳುತ್ತಾರೆ. ನನ್ನ ದಾರಿಯ ಅರ್ಧ ಅಗಲ 1.5 ಮೀಟರ್, ಹಾಗಾಗಿ ನಡುವಿನಿಂದ ಅಂಚಿಗೆ 6 ಸೆಂ.ಮೀ. ಇಳಿಯಬೇಕು. ಪೆಟ್ಟಿಗೆ ಎತ್ತುವ ತೋಳಿನ (ಲಿಫ್ಟ್ ಆರ್ಮ್) ಒಂದು ಪಕ್ಕದ ರಾಡ್ ತಿರುಗಿಸಿ ಬ್ಲೇಡಿನ ಹೊರ ಅಂಚನ್ನು ತಗ್ಗಿಸಿದೆ. ಒಂದು ಪಕ್ಕ ಹೋಗುತ್ತಾ, ಇನ್ನೊಂದು ಪಕ್ಕ ಬರುತ್ತಾ ಎಳೆದೆ. ಉದ್ದನೆ ಹಲಗೆ, ಅದರ ಮೇಲೆ ರಸಮಟ್ಟ ಇಟ್ಟು ಹತ್ತು ಹೆಜ್ಜೆಗೊಮ್ಮೆ ನೋಡಿದೆ. ಕೊನೆಗೆ ಟ್ರ್ಯಾಕ್ಟರಿನ ಚಕ್ರದಿಂದಲೇ ಅಡ್ಡಡ್ಡ ತುಳಿಸಿ ಗಟ್ಟಿ ಮಾಡಿದೆ. ಎಲ್ಲಾ ಸೇರಿ ಎರಡು ದಿನ.

ಉಪಕರಣದ ತಯಾರಿಕೆಯಲ್ಲಿ ಎರಡು ದೂರು ಇವೆ. ಹಲ್ಲಿನ ಪಿನ್ ಹಾಕುವ ತೂತುಗಳಲ್ಲಿ ಬಣ್ಣ ದಪ್ಪಗೆ ಕೂತಿತ್ತು, ಅರದಿಂದ ಉಜ್ಜಿದ ಮೇಲೇ ಪಿನ್ ಒಳಗೆ ಹೋಯಿತು. ಪಿನ್ನಿಗೆ ಕೊಟ್ಟ ಕ್ಲಿಪ್ ತುಂಬಾ ತೆಳು. ಎರಡನೇ ದಿನ ಅದುರಿ ಒಂದು ಕ್ಲಿಪ್ ಬಿದ್ದು, ಹಿಂದೆಯೇ ಪಿನ್ನೂ, ಹಲ್ಲೂ ಕಳಚಿ ಬಿತ್ತು. ಹಲ್ಲನ್ನು ಜಲ್ಲಿಯಲ್ಲಿ ಹುಡುಕೋಕೆ ಅರ್ಧ ಗಂಟೆ ಬೇಕಾಯಿತು. ಈಗ ಪಿನ್ನಿನ ಬದಲು ಬೋಲ್ಟ್, ಲಾಕ್ ನಟ್ ಹಾಕಿದ್ದೇನೆ. ಬೆಸುಗೆ ಮಾತ್ರ ಗಟ್ಟಿಮುಟ್ಟಾಗಿದೆ, ಒಂದು ವರ್ಷದಲ್ಲಿ ಎಲ್ಲೂ ಬಿರುಕು ಬಿಟ್ಟಿಲ್ಲ. ಬ್ಲೇಡಿನ ಅಂಚು ಸ್ವಲ್ಪ ಸವೆದಿದೆ. ಅದನ್ನು ಬಿಚ್ಚಿ ತಿರುಗಿಸಿ ಹಾಕಿದರೆ ಇನ್ನೊಂದು ಅಂಚು ಸಿಗುತ್ತದೆ. ಕೊಳ್ಳುವಾಗ ಈ ಅನುಕೂಲ ಇದೆಯಾ ಅಂತ ಖಂಡಿತ ಕೇಳಿ.

ದಾರಿ 20 ಮೀಟರ್ ಇದ್ದರೆ ಇದನ್ನು ಕೊಳ್ಳಬೇಡಿ, ಬಾಡಿಗೆಗೆ ತಂದು ಒಂದೇ ದಿನದಲ್ಲಿ ಮುಗಿಸಿ. ನದಿಯ ದುಂಡು ಕಲ್ಲು ಹಾಕಿದ ದಾರಿಗೂ ಇದರಿಂದ ಹೆಚ್ಚು ಲಾಭವಿಲ್ಲ. ದುಂಡು ಕಲ್ಲು ಒಂದಕ್ಕೊಂದು ಹಿಡಿದುಕೊಳ್ಳುವುದಿಲ್ಲ, ಎಷ್ಟು ಸವರಿದರೂ ಉರುಳುತ್ತದೆ. ಕ್ರಷರಿನಲ್ಲಿ ಒಡೆದ, ಮೂಲೆ ಇರುವ, ಪುಡಿ ಬೆರೆತ ಜಲ್ಲಿ ಇದ್ದವರಿಗೆ ಇದು ಸರಿಯಾದ ಉಪಕರಣ. ನನಗೆ ಇನ್ನೊಮ್ಮೆ ಆರಿಸುವ ಅವಕಾಶ ಬಂದರೂ ಇದನ್ನೇ ತರುತ್ತೇನೆ.

ವರ್ಷದ ಮಳೆ ಪೂರ್ತಿ ಕಳೆದಿದೆ. ಹನ್ನೊಂದರಲ್ಲಿ ಒಂಬತ್ತು ಗುಂಡಿ ಮತ್ತೆ ಬಂದಿಲ್ಲ. ಗೇಟಿನ ಹತ್ತಿರದ ಎರಡು ಬಂದಿವೆ. ಅಲ್ಲಿ ದಾರಿಗೆ ಅಡ್ಡ ನೀರಿನ ಪೈಪ್ ಹೋಗಿದೆ, ಒಂದು ಗೇಣೂ ಆಳ ಇಲ್ಲ. ಪೈಪಿಗೆ ಹಲ್ಲು ತಾಗೀತು ಅಂತ ಹೆದರಿ ಅಲ್ಲಿ ಕೀಳಲಿಲ್ಲ, ಮೇಲೆ ಮೇಲೆ ಸವರಿದ್ದೆ. ಮುಂದಿನ ತಿಂಗಳು ಪೈಪನ್ನು ಆಳಕ್ಕೆ ಇಳಿಸುತ್ತೇನೆ. ಆಮೇಲೆ ಒಂದು ಮಳೆ ಬಿದ್ದರೆ ಆ ಎರಡನ್ನೂ ಬುಡದಿಂದಲೇ ಕೀಳುತ್ತೇನೆ.